ತಗ್ಗಿನ ಮಣೆ

ಅಪ್ಪ ಅಂಗೈಯನ್ನು ಪಂಚೆಗೆ ಒರೆಸಿಕೊಂಡದ್ದನ್ನು ನಾನು ನಿಜವಾಗಿ ನೋಡಿದೆನೋ, ಇಲ್ಲ ಆಮೇಲೆ ನಾನೇ ಕಲ್ಪಿಸಿಕೊಂಡೆನೋ? ಒರೆಸಿಕೊಂಡಿದ್ದರೂ ಅದರಲ್ಲೇನಿದೆ, ಮುಖ ತೊಳೆದು ಬಂದಿರಬಹುದು. ಆದರೆ ಮುಖ ಒಣಗಿತ್ತು. ಮುಖ ಒಣಗಿದ್ದು ಬಲಗೈಯೊಂದೇ ಒದ್ದೆಯಾಗಿರುವುದು ಹೇಗೆ? ಎಡಗೈಯೂ ಒದ್ದೆಯಾಗಿತ್ತೇನೋ, ಅದನ್ನು ನಾನು ನೋಡಿರಲಿಲ್ಲ. ಕಳೆದ ವರ್ಷದ ತುಪ್ಪದ ದಿನ ಮುಗಿದ ಮೇಲೆ ಎಷ್ಟೋ ವಾರ ನಾನು ಅಪ್ಪನ ಒಂದು ಕೈಯ ಬಗ್ಗೆಯೇ ಯೋಚಿಸುತ್ತಿದ್ದೆ. ಬಿಸಿ ಮೂಟೆ ಹೊತ್ತು ಮರಿಮನೆಯ ಮೆಟ್ಟಿಲು ಹತ್ತುವಾಗ, ಮಂಡಿ ಕಳಕ್ ಎಂದಾಗಲೆಲ್ಲ, ಆ ಕೈ ಕಣ್ಣ ಮುಂದೆ ಬರುತ್ತಿತ್ತು.

ನಮ್ಮ ಊರಿನಲ್ಲಿ ದಪ್ಪ ಬತ್ತಿಯವರು, ಸಣ್ಣ ಬತ್ತಿಯವರು ಎಂದು ಎರಡು ಬಗೆಯ ಜನರಿದ್ದಾರೆ. ಹಣತೆಯ ಎಣ್ಣೆ ಎಲ್ಲರಿಗೂ ಒಂದೇ ಅಳತೆ, ಬತ್ತಿ ಮಾತ್ರ ಬೇರೆ ಎನ್ನುವುದು ಹಿರಿಯರ ಮಾತು. ದಪ್ಪ ಬತ್ತಿಯವರು ಬೇಗ ನಡೆಯುತ್ತಾರೆ, ಬೇಗ ಮಾತು ಕಲಿಯುತ್ತಾರೆ, ಹರೆಯದಲ್ಲಿ ಮೈ ಸುಡುತ್ತಿರುತ್ತದೆ, ಹಸಿವು ಜಾಸ್ತಿ. ನಲವತ್ತರ ಆಸುಪಾಸಿನಲ್ಲಿ ಹಣ್ಣು ಹಣ್ಣು ಮುದುಕರಾಗಿ ತೀರಿಕೊಳ್ಳುತ್ತಾರೆ. ಸಣ್ಣ ಬತ್ತಿಯವರು ನೂರೈವತ್ತರ ತನಕ ನಿಧಾನವಾಗಿ ಇರುತ್ತಾರೆ. ಇದರಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಹೋಟೆಲಿನಲ್ಲಿ ದಪ್ಪ ಬತ್ತಿಯವನು ಕೂತರೆ ಕೇಳದೆಯೇ ಮೂರನೆಯ ಮುದ್ದೆ ಬರುತ್ತದೆ. ಚಳಿಗಾಲದ ಬಸ್ಸಿನಲ್ಲಿ ಅವನ ಪಕ್ಕದ ಸೀಟಿಗೆ ಪೈಪೋಟಿ. ಅವನಿಗೆ ‘ಮುಂದಿನ ವರ್ಷ ನೋಡೋಣ’ ಎಂದು ಹೇಳುವುದು ಮರ್ಯಾದೆಯಲ್ಲ. ಬತ್ತಿ ಬರುವುದು ತಾಯಿಯಿಂದ. ಹಾಗಾಗಿ ಸಣ್ಣ ಬತ್ತಿಯ ಗಂಡು ದಪ್ಪ ಬತ್ತಿಯ ಹೆಣ್ಣನ್ನು ಮದುವೆಯಾದರೆ ಅವನ ಹೆಂಡತಿ ಮಕ್ಕಳು ಅವನ ಕಣ್ಣೆದುರಿಗೇ ಮುದುಕರಾಗುತ್ತಾರೆ. ಇಂಥ ಮದುವೆ ಕೂಡದು ಎಂದು ಯಾರೂ ಹೇಳುವುದಿಲ್ಲ. ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡಿದ್ದಾರೆ, ಅಷ್ಟೆ.

ಆ ಏರ್ಪಾಡೇ ಮಣೆ ಬದಲು. ಅಂಥ ಮನೆಗಳಲ್ಲಿ ಊಟಕ್ಕೆ ಎರಡು ಮಣೆ ಇರುತ್ತವೆ. ಹಿರಿಯನಿಗೆ ಎತ್ತರದ್ದು, ಕಿರಿಯನಿಗೆ ತಗ್ಗಿನದು. ಮಗು ಬೆಳೆಯುತ್ತ ಬೆಳೆಯುತ್ತ ಒಂದು ವರ್ಷ ಅಪ್ಪನನ್ನು ದಾಟಿ ಮುಂದೆ ಹೋಗುತ್ತದೆ. ಅದು ಯಾವ ವರ್ಷ ಎಂದು ಕೂದಲು ನೋಡಿ ಹೇಳಲಾಗದು, ಜಗಳವಾಗುತ್ತದೆ. ಆದ್ದರಿಂದ ತುಪ್ಪದ ದಿನ. ಚಳಿಗೆ ತುಪ್ಪ ಕಲ್ಲಿನಂತಾಗುವ ತಿಂಗಳಲ್ಲಿ ಚಿಕ್ಕತಾಯಮ್ಮ ಎಂಬ ಮುದುಕಿ ಡಬರಿ ಹಿಡಿದು ಮನೆಮನೆಗೆ ಬರುತ್ತಾಳೆ. ಅಪ್ಪನನ್ನೂ ಮಗನನ್ನೋ ಮಗಳನ್ನೋ ಜಗಲಿಯ ಮೇಲೆ ಎದುರುಬದುರು ಕೂರಿಸಿ ಇಬ್ಬರ ಬಲ ಅಂಗೈಗೂ ಹುಣಿಸೆ ಬೀಜದಷ್ಟು ಗಟ್ಟಿ ತುಪ್ಪ ಇಡುತ್ತಾಳೆ. ಸಣ್ಣ ಬತ್ತಿಯವರ ಕಾವು ಜೀವಮಾನವಿಡೀ ಒಂದೇ ಸಮ. ದಪ್ಪ ಬತ್ತಿಯವರದು ಎಳೆತನದಲ್ಲಿ ಕೆಂಡ, ವಯಸ್ಸಾದಂತೆ ಬೂದಿ. ಯಾರ ಕೈಯಲ್ಲಿ ತುಪ್ಪ ತಡವಾಗಿ ಕರಗುತ್ತದೋ ಅವನು ಆ ಮನೆಯ ಹಿರಿಯ. ಮಗನ ಕೈಯಲ್ಲಿ ತಡವಾದರೆ ಅವತ್ತಿನಿಂದ ಮಣೆ ಬದಲಾಗುತ್ತದೆ. ಅಪ್ಪ ತಗ್ಗಿನ ಮಣೆಗೆ ಇಳಿದು ಮಗನನ್ನೇ ‘ಅಪ್ಪಯ್ಯ’ ಎನ್ನುತ್ತಾನೆ. ಮಗ ದುಡಿಮೆ ಬಿಟ್ಟು ಕೂರುತ್ತಾನೆ, ಅಪ್ಪ ಹೊರುತ್ತಾನೆ. ಮಗ ಎತ್ತರದ ಮಣೆಯಲ್ಲಿದ್ದಾಗ ತೀರಿಕೊಂಡರೆ ಅದು ಹಿರಿಯರ ಸಾವು. ಹೋಳಿಗೆ ಮಾಡಿ, ನಗುತ್ತ ಬಡಿಸಿ ಕಳಿಸಿಕೊಡುತ್ತಾರೆ. ತಗ್ಗಿನ ಮಣೆಯಲ್ಲಿದ್ದಾಗಲೇ ಹೋದರೆ ಎಳೆಸಾವು. ಹೆಣವನ್ನು ಹಿಂಬಾಗಿಲಿನಿಂದ ತೆಗೆಯುತ್ತಾರೆ, ಊಟವಿಲ್ಲ, ಅಪ್ಪನಾದವನು ಬೀದಿಯಲ್ಲಿ ಕೂತು ಅಳುತ್ತಾನೆ, ಯಾರೂ ತಡೆಯುವಂತಿಲ್ಲ. ಅದನ್ನು ಊರಿನವರು ನೆನೆಯುವುದಕ್ಕೂ ಇಷ್ಟಪಡುವುದಿಲ್ಲ.

ನನ್ನ ಅಪ್ಪ ಹೊನ್ನಯ್ಯನಿಗೆ ನೂರು ದಾಟಿದೆ. ತಲೆಯಲ್ಲಿ ಹುಡುಕಿದರೆ ನಾಲ್ಕು ಬಿಳಿಕೂದಲು ಸಿಕ್ಕಾವು. ನನಗೆ ಮೂವತ್ತೆಂಟು. ಮುಂದಿನ ಹಲ್ಲು ಹೋಗಿವೆ, ಬೆನ್ನು ಬಾಗಿದೆ. ಪರವೂರಿನಿಂದ ಮರಿ ಕೊಳ್ಳಲು ಬರುವ ವ್ಯಾಪಾರಿಗಳು ನನಗೆ ‘ಯಜಮಾನರೇ’ ಎಂದು ಕೈಮುಗಿದು, ‘ಇವನು ನಿಮ್ಮ ಮಗನಾ?’ ಎಂದು ಅಪ್ಪನನ್ನು ತೋರಿಸುತ್ತಾರೆ. ಅಪ್ಪ ಪ್ರತಿ ಸಲವೂ ತಿದ್ದುತ್ತಾನೆ.

ನಮ್ಮದು ಮರಿಮನೆ. ಊರಿನವರ ಕೋಳಿಮೊಟ್ಟೆ, ಬಾತುಮೊಟ್ಟೆಗಳನ್ನು ಹೊಟ್ಟು ತುಂಬಿದ ಬುಟ್ಟಿಗಳಲ್ಲಿಟ್ಟು, ಹುರಿದ ಭತ್ತದ ಬಿಸಿ ಮೂಟೆಗಳನ್ನು ನಡುನಡುವೆ ಇಟ್ಟು ಕಾವು ಕೊಡುತ್ತೇವೆ. ಮೂಟೆ ಆರುತ್ತಿದ್ದಂತೆ ತೆಗೆದು ಮತ್ತೆ ಹುರಿದು ತರಬೇಕು. ಅದು ಕಿರಿಯನ ಕೆಲಸ. ಹಿರಿಯನ ಕೆಲಸ ಕೂತಲ್ಲೇ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ಸರಿಯಿದೆಯೇ ಎಂದು ನೋಡುವುದು. ಮೈ ತಣಿದವರ ರೆಪ್ಪೆಗೆ ಆ ಬೆಚ್ಚಗಿನ ವ್ಯತ್ಯಾಸ ತಿಳಿಯುತ್ತದೆ. ಹಾಗಾಗಿ ಮರಿಮನೆಗಳಲ್ಲೆಲ್ಲ ವಯಸ್ಸಾದ ದಪ್ಪ ಬತ್ತಿಯವರೇ ಮೊಟ್ಟೆ ನೋಡುತ್ತಾರೆ. ನಮ್ಮಲ್ಲಿ ಮಾತ್ರ ಅಪ್ಪ ನೋಡುತ್ತಿದ್ದ, ನಾನು ಹೊರುತ್ತಿದ್ದೆ.

ನಾನು ಬೇರೆ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ. ದಪ್ಪ ಬತ್ತಿಯವರು ಓದಲು ಹೋಗುವುದಿಲ್ಲ. ಪದವಿಯ ಮೂರು ವರ್ಷದಲ್ಲಿ ಮದುವೆಯ ವಯಸ್ಸೇ ದಾಟಿಬಿಡುತ್ತದೆ. ನನಗೂ ದಾಟಿತು. ಅಪ್ಪನೇ ಹಟ ಹಿಡಿದು ಕಳಿಸಿದ್ದು. ಮೂರು ವರ್ಷ ಎಂದರೆ ಏನು ಮಹಾ, ಎರಡು ಮಾವಿನ ಸುಗ್ಗಿ ಕಳೆಯುವುದರೊಳಗೆ ಬಂದುಬಿಡುತ್ತಾನೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಅವನಿಗೆ ವರ್ಷಗಳನ್ನು ಎಣಿಸಲು ಬರುವುದಿಲ್ಲ ಎಂದು ಊರಿನವರು ನಕ್ಕರು. ಕಾಲೇಜಿನಲ್ಲಿ ಮೇಷ್ಟ್ರು ಇಲಿಯನ್ನೂ ಆಮೆಯನ್ನೂ ಮುಂದಿಟ್ಟು ಪಾಠ ಮಾಡಿದರು. ಪ್ರತಿ ಜೀವಕೋಶದೊಳಗೂ ಸಣ್ಣ ಸಣ್ಣ ಒಲೆಗಳಿವೆ, ತಿಂದದ್ದನ್ನು ಉಸಿರಿನಿಂದ ಉರಿಸುತ್ತವೆ, ಆ ಒಲೆಗಳು ತಾಯಿಯಿಂದಲೇ ಮಗುವಿಗೆ ಬರುತ್ತವೆ ಎಂದರು. ಉರಿಯುವಾಗ ಹಾರುವ ಕಿಡಿ ಒಲೆಯ ಗೋಡೆಯನ್ನೇ ಸುಡುತ್ತದೆ. ಸುಟ್ಟ ಗೋಡೆಗೆ ಮಣ್ಣು ಮೆತ್ತುವುದೋ, ಅದೇ ಕಾವಿನಲ್ಲಿ ಮರಿ ಹಾಕುವುದೋ, ಎರಡಕ್ಕೂ ಸಾಲುವಷ್ಟು ಯಾವ ಪ್ರಾಣಿಗೂ ಇರುವುದಿಲ್ಲ. ಇಲಿಯನ್ನು ನಾಳೆ ಗೂಬೆ ತಿನ್ನುತ್ತದೆ, ಅದು ಗೋಡೆ ಮೆತ್ತುತ್ತ ಕೂರುವುದಿಲ್ಲ, ಬೇಗ ಮರಿ ಹಾಕುತ್ತದೆ. ಆಮೆಗೆ ಚಿಪ್ಪಿದೆ, ಅದಕ್ಕೆ ಆತುರವಿಲ್ಲ. ತರಗತಿಯವರೆಲ್ಲ ಬರೆದುಕೊಂಡರು. ನಾನು ಕಿಟಕಿಯ ಪಕ್ಕ ಕೂತು ಪೆನ್ನಿನ ಮುಚ್ಚಳ ಹಾಕಿದೆ. ಬಾವಲಿಯ ಬಗ್ಗೆ ಯಾರೋ ಕೇಳಿದರು. ಇಲಿಯಷ್ಟೇ ಸಣ್ಣ ಬಾವಲಿಗಳು ಮೂವತ್ತು ವರ್ಷ ಬದುಕುವುದು ಹೇಗೆ? ಮೇಷ್ಟ್ರು ನಿಜ ಹೇಳಿದರು, ಪೂರ್ತಿ ಗೊತ್ತಿಲ್ಲ, ಹಾರಬಲ್ಲದ್ದನ್ನು ಹಿಡಿದು ತಿನ್ನುವವರು ಕಡಿಮೆ. ಜೊತೆಗೆ ತಲೆಕೆಳಗಾಗಿ ನೇತಾಡುವ ಹೊತ್ತಿನಲ್ಲಿ ಅದು ತನ್ನ ಮೈಯನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ ಎಂದು. ಆ ಮಾತು ನನಗೆ ಯಾಕೋ ಉಳಿದುಕೊಂಡಿತು.

ಮಕ್ಕಳಾಗದೆ ಇದ್ದದ್ದರಿಂದ ನನಗೆ ಒಂದೆರಡು ವರ್ಷ ಹೆಚ್ಚು ಸಿಕ್ಕಿರಬಹುದು. ಆದರೂ ನನ್ನ ಓರಗೆಯವರೆಲ್ಲ ಎತ್ತರದ ಮಣೆ ಹತ್ತಿಯಾಗಿತ್ತು. ಪಕ್ಕದ ಮನೆಯ ಮುದ್ದಣ್ಣ ನನಗಿಂತ ಸಣ್ಣವನು, ಮೂವತ್ತೈದಕ್ಕೇ ಹತ್ತಿದ. ಅವನು ಬೆಳಗಾದರೆ ಜಗಲಿಯಲ್ಲಿ ಶಾಲು ಹೊದ್ದು ಕೂತು ತನ್ನ ಕಟ್ಟುಮಸ್ತಾದ ಅಪ್ಪನನ್ನು ಗದರುತ್ತಿದ್ದ.

“ಎಲ್ಲಿ ಹೋಗಿದ್ಯೋ ಇಷ್ಟೊತ್ತು? ಸೌದೆ ಯಾರು ಒಡೀಬೇಕು, ನಿಮ್ಮಪ್ಪ ಒಡೀಬೇಕಾ?”

“ನೀನ್ಯಾಕೆ ಒಡೀತೀಯ ಅಪ್ಪಯ್ಯ, ನಾನ್ ಒಡೀತೀನಿ, ಒಳಗೋಗು, ಗಾಳಿ ಐತೆ,” ಎಂದು ಆ ಅಪ್ಪ ನಗುತ್ತ ಕೊಡಲಿ ಎತ್ತುತ್ತಿದ್ದ. ಅವರಿಬ್ಬರಿಗೂ ಅದು ಒಗ್ಗಿಹೋಗಿತ್ತು.

ನಾನು ಮೂಟೆ ಹೊತ್ತು ಹೋಗುವಾಗ ಮುದ್ದಣ್ಣ ನನ್ನನ್ನೂ ಬಿಡುತ್ತಿರಲಿಲ್ಲ. “ಏನ್ಲಾ ಮಲ್ಲ, ಇನ್ನೂ ತಗ್ಗಿನ ಮಣೇನಾ? ಕಾಲೇಜಲ್ಲಿ ಮೂಟೆ ಹೊರೋದೇ ಕಲಿಸಿದ್ರಾ?” ಎತ್ತರದ ಮಣೆಯವನಾದ್ದರಿಂದ ನನ್ನನ್ನು ‘ಲಾ’ ಎನ್ನುವ ಹಕ್ಕು ಅವನಿಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಬಲಮಂಡಿ ಮಡಿಸಲಾಗದಂತಾಯಿತು. ಮೆಟ್ಟಿಲನ್ನು ಒಂದೇ ಕಾಲಿನಲ್ಲಿ ಹತ್ತುವುದು ಕಲಿತೆ. ಅದೇ ತಿಂಗಳು ಬಾತುಮೊಟ್ಟೆಯ ಇಡೀ ಬುಟ್ಟಿಗಳು ಕೆಟ್ಟವು. ಕಾವು ಹೆಚ್ಚಾಗಿತ್ತು, ಅಪ್ಪನ ರೆಪ್ಪೆಗೆ ತಿಳಿದಿರಲಿಲ್ಲ. ನಾನು ಒಂದು ಮೊಟ್ಟೆ ಎತ್ತಿ ಕಣ್ಣಿಗೆ ತಾಗಿಸಿದೆ, ಕೂಡಲೇ ತಿಳಿಯಿತು. ಅಪ್ಪ ಅದನ್ನು ನೋಡಿದ, ನನ್ನ ಕೈಯಿಂದ ಮೊಟ್ಟೆ ತೆಗೆದುಕೊಂಡು ಬುಟ್ಟಿಯಲ್ಲಿಟ್ಟ. ಊಟದ ಹೊತ್ತಿನಲ್ಲಿ ನಾನು ತಟ್ಟೆ ನೋಡುತ್ತ, ಈ ಸಲ ತುಪ್ಪದ ದಿನ ಏನಾಗುತ್ತದೋ ಎಂದೆ. ಅಪ್ಪ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, “ನಿನ್ನ ಕೈ ಇನ್ನೂ ಸುಡ್ತದೆ ಕಣ್ಲಾ, ತಿನ್ನು,” ಎಂದ. ನನ್ನ ಕೈ ಸುಡುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗ ನನ್ನ ಬೆರಳುಗಳು ನನಗೇ ತಣ್ಣಗೆ ಅನ್ನಿಸುತ್ತಿದ್ದವು. ಮೂರನೆಯ ಮುದ್ದೆ ತಿನ್ನಲಾಗದೆ ಎಷ್ಟೋ ಕಾಲವಾಗಿತ್ತು.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಉಳಿದಷ್ಟು ದಿನ ಕೂರಬೇಕಿತ್ತು. ಮೊಟ್ಟೆಯನ್ನು ಕಣ್ಣಿಗೊತ್ತಿಕೊಂಡು ಒಳಗಿನ ಬಿಸುಪನ್ನು ಕೇಳಬೇಕಿತ್ತು. ಹೋಗುವಾಗ ಮುಂಬಾಗಿಲಿನಿಂದ ಹೋಗಬೇಕಿತ್ತು. ಇಷ್ಟನ್ನು ಅಪ್ಪ ನನ್ನಿಂದ ಯಾಕೆ ತಡೆಹಿಡಿಯುತ್ತಾನೆ ಎಂದು ಯೋಚಿಸಿದಾಗ ಹೊಳೆಯುತ್ತಿದ್ದ ಉತ್ತರ ಒಂದೇ: ಅವನಿಗೆ ಮೂಟೆ ಹೊರುವುದು ಬೇಡ, ಎತ್ತರದ ಮಣೆ ಬಿಡಲು ಮನಸ್ಸಿಲ್ಲ. ಅವನು ಅಂಥವನಲ್ಲ ಎಂದು ಗೊತ್ತಿದ್ದರೂ ಬೇರೆ ಉತ್ತರವಿರಲಿಲ್ಲ.

ತುಪ್ಪದ ತಿಂಗಳು ಹತ್ತಿರವಾದಾಗ ನಾನು ಕೋಲೂರಿಕೊಂಡು ಚಿಕ್ಕತಾಯಮ್ಮನ ಮನೆಗೆ ಹೋದೆ. ಅವಳು ಸಣ್ಣ ಬತ್ತಿಯವಳು, ನನ್ನ ಅಪ್ಪನನ್ನು ಹುಡುಗನಾಗಿ ಕಂಡವಳು. ಅವಳು ಬೆಣ್ಣೆ ಕಾಯಿಸುತ್ತಿದ್ದಳು. ನಾನು ಸುತ್ತಿ ಬಳಸಿ, ಈ ಸಲ ತುಪ್ಪ ಇಡುವ ಮೊದಲು ಎಲ್ಲರ ಕೈಯನ್ನೂ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ಒರೆಸಿದರೆ ಒಳ್ಳೆಯದಲ್ಲವೇ ಎಂದೆ. ಅವಳು ತಿರುಗಿ ನೋಡದೆ, ಎಲ್ಲರ ಕೈಯಾ ಇಲ್ಲ ಒಬ್ಬನ ಕೈಯಾ ಎಂದು ಕೇಳಿದಳು. ನಾನು ಕೋಲಿನ ತುದಿಯಿಂದ ನೆಲ ಕೆರೆದೆ. ಒರೆಸು ಎಂದರೆ ಒರೆಸುತ್ತೇನೆ, ನನಗೇನೂ ನಷ್ಟವಿಲ್ಲ, ಆದರೆ ಮೊದಲು ಕೂತು ಒಂದು ವಿಷಯ ಕೇಳಿಕೊಂಡು ಹೋಗು ಎಂದಳು.

ನನ್ನ ಅಮ್ಮನಿಗೂ ಮೊದಲು ಅಪ್ಪನಿಗೆ ಒಂದು ಸಂಸಾರವಿತ್ತು ಎನ್ನುವುದು ನನಗೆ ಗೊತ್ತಿತ್ತು. ಅದರಲ್ಲಿ ಯಾರಿದ್ದರು ಎಂದು ಕೇಳಿರಲಿಲ್ಲ. ಒಬ್ಬಳು ಮಗಳಿದ್ದಳಂತೆ, ನಿಂಗಿ ಎಂದು. ಅಪ್ಪನ ಹೆಗಲ ಮೇಲೆ ಕೂತು ಬೀದಿ ಸುತ್ತಿದವಳು. ಮೂವತ್ತಮೂರಕ್ಕೇ ಅವಳ ಕೈಯಲ್ಲಿ ತುಪ್ಪ ತಡವಾಯಿತು, ಮಣೆ ಬದಲಾಯಿತು. ಅಪ್ಪ ತಗ್ಗಿನ ಮಣೆಯಲ್ಲಿ ಕೂತು ಅವಳನ್ನು ಅವ್ವ ಎಂದ, ನಿಂಗವ್ವ ಎಂದ. ಎಲ್ಲರೂ ಮಾಡುವಂತೆಯೇ ಮಾಡಿದ, ಒಂದು ದಿನವೂ ತಪ್ಪಲಿಲ್ಲ. ನಾಲ್ಕು ವರ್ಷಕ್ಕೆ ಅವಳು ಹೋದಳು. ಚಿಕ್ಕತಾಯಮ್ಮ ಸೌಟು ಆಡಿಸುವುದನ್ನು ನಿಲ್ಲಿಸಿದಳು.

“ಹೆಣ ಎತ್ತೋ ಹೊತ್ನಲ್ಲಿ ‘ನಿಂಗೀ’ ಅಂತ ಒಂದೇ ಸಲ ಕೂಗ್ದ ಕಣಪ್ಪ. ಪಕ್ಕದಲ್ಲಿದ್ದೋರು ಬಾಯಿಗೆ ಕೈ ಅಡ್ಡ ಹಿಡಿದ್ರು. ಹಿರೀಕಳು, ಹೆಸ್ರು ಹಿಡಿದು ಕೂಗ್ಬಾರ್ದು, ಅವ್ವ ಅನ್ನು ಅಂದ್ರು. ಅಂದ ಪಾಪ. ಹನ್ನೊಂದನೇ ದಿನ ಹೋಳಿಗೆ ಬಡಿಸ್ದ. ನಗ್ತಾ ಬಡಿಸ್ಬೇಕು ಅಂದ್ರು, ನಗ್ತಾನೇ ಬಡಿಸ್ದ. ನನ್ನ ಎಲೆಗೂ ಬಡಿಸ್ದ. ಆ ನಗು ನೋಡಿ ನಾನು ಹೋಳಿಗೆ ಮುರೀಲಿಲ್ಲ.”

ತುಪ್ಪ ಕಾಯ್ದ ವಾಸನೆ ಬಂತು. ಅವಳು ಪಾತ್ರೆ ಇಳಿಸಿದಳು. “ಈಗ ಹೇಳು. ಒರೆಸ್ಲಾ?”

ಯೋಚಿಸಿ ಹೇಳುತ್ತೇನೆ ಎಂದೆ. ದಪ್ಪ ಬತ್ತಿಯವರು ಯೋಚಿಸಿ ಹೇಳುತ್ತೇನೆ ಎನ್ನುವುದು ಕಡಿಮೆ. ಅವಳು ನಕ್ಕಳು.

ನಾನು ಯೋಚಿಸಿದೆ ಎನ್ನಲಾರೆ. ದಿನಗಳು ಹಾಗೇ ಹೋದವು. ಅಪ್ಪನಿಗೆ ಬೇಕಾಗಿರುವುದು ಮಣೆಯಲ್ಲ, ಅಳು ಎಂದು ತಿಳಿದಮೇಲೆ ನನಗೆ ಅವನ ಮೇಲಿದ್ದ ಸಿಟ್ಟು ಹೋಯಿತು. ಆದರೆ ಮಂಡಿಯ ನೋವು ಹೋಗಲಿಲ್ಲ. ಅವನ ಅಳುವಿಗಾಗಿ ನಾನು ಸಾಯುವ ತನಕ ಮೂಟೆ ಹೊರಬೇಕೇ, ಹಿಂಬಾಗಿಲಿನಿಂದ ಹೋಗಬೇಕೇ ಎನ್ನುವ ಪ್ರಶ್ನೆ ಹಾಗೇ ಉಳಿಯಿತು. ಕೂತು ಮಾತಾಡಬಹುದಿತ್ತು. ನಮ್ಮ ಮನೆಯಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. ಚಿಕ್ಕತಾಯಮ್ಮನಿಗೂ ನಾನು ಮತ್ತೆ ಏನೂ ಹೇಳಿಕಳಿಸಲಿಲ್ಲ.

ತುಪ್ಪದ ದಿನ ಬೆಳಿಗ್ಗೆ ನಾನು ಒಲೆಯ ಕೋಣೆಯಲ್ಲಿ ಭತ್ತ ಹುರಿದು ಮೂಟೆಗೆ ತುಂಬುತ್ತಿದ್ದೆ. ಆ ಕೋಣೆಯ ಕಿಂಡಿಯಿಂದ ಹಿತ್ತಿಲು ಕಾಣುತ್ತದೆ. ಅಪ್ಪ ನೀರಿನ ಗಡಿಗೆಯ ಪಕ್ಕ ನಿಂತಿದ್ದ. ಬಲಗೈ ಮಣಿಕಟ್ಟಿನವರೆಗೆ ನೀರಿನಲ್ಲಿತ್ತು. ಗಡಿಗೆಯ ನೀರು ಆ ಚಳಿಯಲ್ಲಿ ಹಲ್ಲಿಗೆ ತಾಗಿದರೆ ಜುಮ್ಮೆನ್ನುವಷ್ಟು ತಣ್ಣಗಿತ್ತು. ಕದ್ದು ಮಾಡುವವರ ಹಾಗೆ ಅತ್ತಿತ್ತ ನೋಡುತ್ತಿರಲಿಲ್ಲ. ಅಕ್ಕಿ ನೆನೆಹಾಕಿ ನೆನೆಯಲಿ ಎಂದು ಕಾಯುವವರ ಹಾಗೆ ಗೋಡೆ ನೋಡುತ್ತ ನಿಂತಿದ್ದ. ನನಗೆ ಬಾವಲಿ ನೆನಪಾಯಿತು. ತನ್ನ ಮೈಯನ್ನು ತಾನೇ ತಣ್ಣಗೆ ಮಾಡಿಕೊಂಡು ಅದು ತಾನು ಬದುಕುತ್ತದೆ. ಇವನು ಯಾರನ್ನು ಉಳಿಸಿಕೊಳ್ಳಲು ಹೊರಟಿದ್ದಾನೆ? ನಾನು ಹೋಗುವುದು ಹೋಗುವುದೇ. ಗಡಿಗೆಯ ನೀರು ನನಗೆ ಒಂದು ದಿನವನ್ನೂ ಕೊಡಲಾರದು. ಅದು ಅಪ್ಪನಿಗೂ ಗೊತ್ತು. ನೂರು ವರ್ಷ ಈ ಊರಿನಲ್ಲಿದ್ದವನಿಗೆ ಅದನ್ನು ಹೇಳಿಕೊಡಲು ಪ್ರಾಣಿಶಾಸ್ತ್ರ ಬೇಡ.

ಹೊರಗೆ ಚಿಕ್ಕತಾಯಮ್ಮನ ದನಿ ಕೇಳಿತು. ಅಪ್ಪ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಈ ಸಲ ನಾನು ಅದನ್ನು ನಿಜವಾಗಿಯೇ ನೋಡಿದೆ. ಆಮೇಲೆ ನಾನು ಕಟ್ಟುತ್ತಿದ್ದ ಮೂಟೆಯ ಬಾಯಿ ಬಿಚ್ಚಿ, ನನ್ನ ಬಲಗೈಯನ್ನು ಬಿಸಿ ಭತ್ತದೊಳಗೆ ಇಳಿಬಿಟ್ಟೆ. ಸುಟ್ಟಿತು. ತಡೆದುಕೊಳ್ಳಬಹುದಾದಷ್ಟು ಹೊತ್ತು ಇಟ್ಟುಕೊಂಡೆ.

ಜಗಲಿಯಲ್ಲಿ ಎದುರುಬದುರು ಕೂತೆವು. ಮುದ್ದಣ್ಣ ಶಾಲು ಹೊದ್ದು ನೋಡಲು ಬಂದಿದ್ದ. ಈ ಸಲ ಮಲ್ಲ ಹತ್ತುತ್ತಾನೆ, ಇಲ್ಲವಾದರೆ ನನ್ನ ಮೀಸೆ ಬೋಳಿಸಿ ಎಂದು ಬೀದಿಗೆಲ್ಲ ಹೇಳಿದ್ದನಂತೆ. ಚಿಕ್ಕತಾಯಮ್ಮ ಬಟ್ಟೆಯಿಂದ ಯಾರ ಕೈಯನ್ನೂ ಒರೆಸಲಿಲ್ಲ. ಅಪ್ಪನ ಅಂಗೈ ಹಿಡಿದು ತುಪ್ಪವಿಟ್ಟಳು. ನನ್ನ ಅಂಗೈ ಹಿಡಿದವಳು ಅರೆಗಳಿಗೆ ತಡೆದಳು. ಬೆರಳಸಂದಿಯಲ್ಲಿ ಭತ್ತದ ಒಂದು ಕಾಳು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ತುಪ್ಪವಿಟ್ಟಳು. ನನ್ನದು ಇಟ್ಟ ಕೂಡಲೇ ಜಾರಿ, ಕರಗಿ, ಮಣಿಕಟ್ಟಿನವರೆಗೆ ಹರಿಯಿತು. ಅಪ್ಪನದು ಬಿಳಿಯ ಹರಳಿನಂತೆ ಕೂತೇ ಇತ್ತು. ಅಪ್ಪ ತನ್ನ ಕೈಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದ. ಅಂಗೈ ಕೆಂಪಾಗಿತ್ತು. ಅವನು ಬಹಳ ಹೊತ್ತು ನೋಡಿದ.

“ಈ ಮನೇಲಿ ಅಪ್ಪ ತಣ್ಣಗೆ, ಮಗ ಬೆಚ್ಚಗೆ,” ಎಂದಳು ಚಿಕ್ಕತಾಯಮ್ಮ ಡಬರಿಯ ಮುಚ್ಚಳ ಹಾಕುತ್ತ. “ಇರ್ಬೇಕಾದ್ದು ಹಂಗೇ. ನಡೀಲಾ ಮುದ್ದಣ್ಣ, ಕ್ಷೌರದ ಅಂಗಡಿ ತೆಗ್ದೈತೆ.”

ಮುದ್ದಣ್ಣ ಮೀಸೆ ಮುಟ್ಟಿಕೊಂಡು, ಕಾಲೇಜಿನಲ್ಲಿ ಏನೋ ಮದ್ದು ಕಲಿತು ಬಂದಿದ್ದಾನೆ ಎಂದು ಗೊಣಗುತ್ತ ಹೋದ. ಅಪ್ಪ ಎದ್ದು, “ಏಳ್ಲಾ ಮಲ್ಲ, ಮೂಟೆ ತಣ್ಣಗಾಯ್ತದೆ,” ಎಂದ. ನಾನು ಎದ್ದೆ.

ಒಲೆಯ ಕೋಣೆಗೆ ಅಪ್ಪ ನನ್ನ ಹಿಂದೆಯೇ ಬಂದ. ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದ. ನಾನು ಮೂಟೆಗೆ ಕೈ ಹಾಕುವ ಮೊದಲೇ ಅದನ್ನು ಎತ್ತಿ ತನ್ನ ಬೆನ್ನಿಗೆ ಹಾಕಿಕೊಂಡ. ಒಳಮೆಟ್ಟಿಲನ್ನು ಸಲೀಸಾಗಿ ಹತ್ತಿದ. ನಾನು ಗೋಡೆ ಹಿಡಿದು ಹಿಂದೆ ಹತ್ತಿದೆ. ಮರಿಮನೆಯಲ್ಲಿ ಅವನು ಮೊಟ್ಟೆಯ ಬುಟ್ಟಿಯ ಪಕ್ಕದ ಹಿರಿಯನ ಚಾಪೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದ. ಕೂತೆ. ಒಂದು ಬಾತುಮೊಟ್ಟೆ ತೆಗೆದು ಕಣ್ಣು ಮುಚ್ಚಿ ರೆಪ್ಪೆಗೆ ತಾಗಿಸಿದೆ. ಕಾವು ಸ್ವಲ್ಪ ಕಡಿಮೆ ಎಂದೆ. ಅವನು ಇನ್ನೊಂದು ಮೂಟೆಗೆ ಕೆಳಗೆ ಹೋದ.

ಅಂದಿನಿಂದ ಹಾಗೇ ನಡೆದಿದೆ. ಊಟಕ್ಕೆ ನಾನು ತಗ್ಗಿನ ಮಣೆಯಲ್ಲೇ ಕೂರುತ್ತೇನೆ. ಬೀದಿಗೆ ಕೇಳಲಿ ಎಂದು ಅಪ್ಪ ದಿನಾ ಬೆಳಿಗ್ಗೆ ಮುಚ್ಚಿದ ಬಾಗಿಲಿನ ಹಿಂದೆ, ಬೆನ್ನ ಮೇಲೆ ಮೂಟೆ ಹೊತ್ತುಕೊಂಡೇ, “ಬೇಗ ಎತ್ತಲಾ ಸೋಮಾರಿ, ಅನ್ನ ತಿನ್ನಲ್ವಾ?” ಎಂದು ಗದರುತ್ತಾನೆ. ಚಾಪೆಯ ಮೇಲೆ ಕೂತಲ್ಲಿಂದ ನಾನು, ಎತ್ತುತ್ತಿದ್ದೇನೆ ಅಪ್ಪಾ ಎನ್ನುತ್ತೇನೆ. ಈ ಸುಗ್ಗಿಯಲ್ಲಿ ಒಂದು ಬುಟ್ಟಿಯೂ ಕೆಟ್ಟಿಲ್ಲ. ಮುಂದಿನ ತುಪ್ಪದ ದಿನದ ತನಕ ನಾನಿರುವುದು ಅನುಮಾನ. ತಲೆಗೆ ತಗಲುವಷ್ಟು ತಗ್ಗಾಗಿದ್ದ ಹಿಂಬಾಗಿಲಿನ ಚೌಕಟ್ಟನ್ನು ಅಪ್ಪ ಮೊನ್ನೆ ಬಡಗಿಯನ್ನು ಕರೆಸಿ ಎತ್ತರ ಮಾಡಿಸಿದ. ತಲೆಯ ಮೇಲೆ ಬುಟ್ಟಿ ಹೊತ್ತು ತರಲು ಕಷ್ಟವಾಗುತ್ತಿತ್ತು ಎಂದು ಅವನೇ ಹೇಳಿದ.

ನಿಂಗಿಯ ಹೆಸರನ್ನು ಅವನು ನನ್ನೆದುರು ಒಮ್ಮೆಯೂ ಹೇಳಿಲ್ಲ.